ಫ್ರೀಡಾಳ ಜರಡಿಯಲ್ಲಿ ಉಳಿದ ಮಾತು

ನಮ್ಮ ಟೇಲರ್ ರಸ್ತೆಯಲ್ಲಿ ಮದುವೆ ನಿಶ್ಚಯವಾದವರು ಮೊದಲು ಹೋಗಿ ನಿಲ್ಲುವುದು ನಮ್ಮ ಯೆಹೂದಿ ಧರ್ಮಗುರು ರಬ್ಬಿಯ ಮುಂದಲ್ಲ, ನನ್ನ ಬೇಕರಿಯ ಮಹಡಿಯ ಮೇಲಿರುವ ಫ್ರೀಡಾ ಕಾಮಿಂಕರ್ ಮುಂದೆ. ಮದುವೆಯ ಚಪ್ಪರದಡಿ ಎಲ್ಲರೆದುರು ಓದಿ, ಆಮೇಲೆ ಜೀವಮಾನವಿಡೀ ಗೋಡೆಗೆ ತೂಗುಹಾಕುವ ಒಪ್ಪಂದಪತ್ರವಿದೆಯಲ್ಲ, ಕೆತುಬಾ, ಅದನ್ನು ಕೈಯಲ್ಲಿ ಬರೆದುಕೊಡುವವಳು ಅವಳು. ಅರ್ಧ ಹೀಬ್ರೂ, ಅರ್ಧ ಇಂಗ್ಲಿಷು. ಇಬ್ಬರೂ ಯೆಹೂದಿಗಳಾದರೂ ಸರಿ, ಒಬ್ಬರು ಬೇರೆಯವರಾದರೂ ಸರಿ. ಸುತ್ತ ದಾಳಿಂಬೆ ಬೇಕೆಂದವರಿಗೆ ದಾಳಿಂಬೆ, ಜೆರುಸಲೇಮಿನ ಗೋಡೆ ಬೇಕೆಂದವರಿಗೆ ಗೋಡೆ, ತಮ್ಮ ನಾಯಿಯ ಚಿತ್ರ ಬೇಕೆಂದವರಿಗೆ ಬಾಗಿಲಿನ ದಾರಿ.

ಅದಕ್ಕೂ ಮೊದಲು ಅವಳು ಮಾಂಸದಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದಳು. 'ಕೋಳಿ ಲಿವರ್, ಇವತ್ತಿನದು' ಎಂಬ ಅವಳ ಕೆಂಪಕ್ಷರ ನಮಗೆಲ್ಲ ನೆನಪಿದೆ. ಅದನ್ನು ಅವಳೆದುರು ನೆನಪಿಸಿಕೊಂಡವರನ್ನು ಅವಳು ಒಂದು ವಾರ ಮಾತಾಡಿಸುವುದಿಲ್ಲ.

ಅವಳಿಗೊಂದು ಪದ್ಧತಿ ಇತ್ತು. ಅಂಗಡಿಯಿಂದ ಸಿದ್ಧ ಒಕ್ಕಣೆ ಆರಿಸಿಕೊಳ್ಳುವುದು ಸೋಮಾರಿಗಳ ಕೆಲಸವೆಂದು ಅವಳ ಅಭಿಪ್ರಾಯ. ಆದ್ದರಿಂದ ಹುಡುಗ ಒಂದು ಕೋಣೆಯಲ್ಲಿ, ಹುಡುಗಿ ಇನ್ನೊಂದರಲ್ಲಿ ಕೂತು ತಾವು ಕೊಡುವ ಮಾತುಗಳನ್ನು ಪಟ್ಟಿ ಮಾಡಬೇಕು. ಇಬ್ಬರ ಪಟ್ಟಿಯಲ್ಲೂ ಇರುವ ಮಾತು ಮಾತ್ರ ಕೆತುಬಾಕ್ಕೆ. ಇದಕ್ಕೆ ನಾವು ಫ್ರೀಡಾಳ ಜರಡಿ ಎನ್ನುತ್ತಿದ್ದೆವು. ಕಡೇಪಕ್ಷ ಐದು ಹೊಂದಬೇಕು, ಹೊಂದದಿದ್ದರೆ, "ಆರು ತಿಂಗಳು ಬಿಟ್ಟು ಬನ್ನಿ." ಔಷಧಿ ಅಂಗಡಿಯವರ ಮಗಳು ಮೂರೇ ಹೊಂದಿದವೆಂದು ಅಳುತ್ತ ಮೆಟ್ಟಿಲಿಳಿದದ್ದನ್ನು ನಾನೇ ಕಂಡಿದ್ದೇನೆ. ಅವಳಿಗೊಂದು ಗಸಗಸೆ ಬನ್ನು ಕೊಟ್ಟು ಕಳಿಸಿದ್ದೆ.

ಹೀಗೆ ಇಪ್ಪತ್ತೆರಡು ವರ್ಷ ಊರವರ ಮದುವೆಗಳನ್ನು ಜರಡಿ ಹಿಡಿದ ಫ್ರೀಡಾ, ಐವತ್ತೆಂಟನೆಯ ವಯಸ್ಸಿನಲ್ಲಿ ತಾನೇ ಮದುವೆಯಾಗುತ್ತೇನೆಂದಳು.

ವರ ಆರ್ವಿಲ್ ಟಟಲ್. ವಿಧುರ, ಪ್ರೆಸ್ಬಿಟೇರಿಯನ್ ಕ್ರೈಸ್ತ, ಮನೆಮನೆಗೆ ಹೋಗಿ ಪಿಯಾನೊಗಳ ಶ್ರುತಿ ಸರಿಮಾಡುವವನು. ದಂತವೈದ್ಯರೊಬ್ಬರ ಮನೆಯಲ್ಲಿ ಫ್ರೀಡಾ ತಾನು ಬರೆದ ಕೆತುಬಾವನ್ನು ಗೋಡೆಗೆ ಹಾಕಿಸುತ್ತಿದ್ದಾಗ, ಪಿಯಾನೊದೊಳಗೆ ತಲೆ ಹಾಕಿದ್ದ ಆತ ಹೊರಬಂದು, "ಮೂರನೇ ಸಾಲು ಸ್ವಲ್ಪ ಬಾಗಿದೆ," ಎಂದನಂತೆ. ಎರಡು ವಾರ ಅವಳು ಸಿಕ್ಕಸಿಕ್ಕವರೊಡನೆ ಅವನನ್ನು ಬೈದಳು. ಮೂರನೆಯ ವಾರ ಅಳತೆಪಟ್ಟಿ ಹಿಡಿದು ಆ ಮನೆಗೆ ಹೋದಳು. ಸಾಲು ಬಾಗಿತ್ತು. ಅದನ್ನು ಒಪ್ಪಿಕೊಳ್ಳಲು ಫೋನು ಮಾಡಿದ್ದೇ ಆರಂಭ.

ಜೂನ್ ತಿಂಗಳಿಗೆ ಗೊತ್ತಾದ ಮದುವೆಗೆ ಮೂರು ವಾರವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಪಟ್ಟಿ ತೆರೆಯುವ ಶಾಸ್ತ್ರ. ಸಾಕ್ಷಿಯಾಗಿ ಸಹಿ ಹಾಕುವವನು ನಾನಾದ್ದರಿಂದ ನನ್ನನ್ನೂ ಮೇಲೆ ಕರೆದರು. ಲಕೋಟೆ ಒಡೆಯುವ ಅಧಿಕಾರ ಫ್ರೀಡಾಳ ಅಣ್ಣ ಮೆಂಡೆಲನದು. ಯಾರೂ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡಿದ್ದ. ಮೆಂಡೆಲ್ ನಮ್ಮ ಪ್ರಾರ್ಥನಾಮಂದಿರ ಸಿನಗಾಗ್‌ನ ಶನಿವಾರದ ಉಪಾಹಾರ ಸಮಿತಿಗೆ ಹತ್ತೊಂಬತ್ತು ವರ್ಷಗಳಿಂದ ಅಧ್ಯಕ್ಷ. ಮೀನಿನ ತಟ್ಟೆ ಎಲ್ಲಿಡಬೇಕೆಂಬುದನ್ನೂ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳುವ ಮನುಷ್ಯ. ಚಪ್ಪರದಡಿ ಕೆತುಬಾ ಓದುವವನೂ ತಾನೇ ಎಂದು ಆಗಲೇ ಸಾರಿದ್ದ.

ಮೊದಲು ವಧುವಿನ ಲಕೋಟೆ. ಮೂರು ಹಾಳೆ, ಮೂವತ್ತೊಂದು ಮಾತು. ಮೆಂಡೆಲ್ ಒಂದೊಂದನ್ನೂ ಬಿಡಿಸಿ ಓದಿದ. ಗೌರವ, ನಗು, ತಾಳ್ಮೆ, ದೀಪದ ಬೆಳಕು, ಒಬ್ಬರ ಕನಸಿಗೆ ಇನ್ನೊಬ್ಬರ ರೆಕ್ಕೆ. ಆಮೇಲೆ ಆರ್ವಿಲನದು. ಚರ್ಚಿನ ಹಳೆಯ ಸಂಗೀತ ಕಾರ್ಯಕ್ರಮದ ಕಾಗದದ ಹಿಂಬದಿ, ಪೆನ್ಸಿಲ್ಲಿನಲ್ಲಿ:

'ಶ್ರುತಿ ತಪ್ಪುತ್ತದೆ. ತಪ್ಪಿದಾಗೆಲ್ಲ ಕೂತು ಸರಿಮಾಡುತ್ತೇನೆ.'

"ಇಷ್ಟೇನಾ?" ಎಂದ ಮೆಂಡೆಲ್.

"ಇಷ್ಟೇ," ಎಂದ ಆರ್ವಿಲ್.

"ಇನ್ನೊಂದು ಹಾಳೆ ಒಳಗೇ ಅಂಟ್ಕೊಂಡಿರ್ಬೇಕು, ಕೊಡವಿ ನೋಡು," ಎಂದಳು ಫ್ರೀಡಾ.

ಮೆಂಡೆಲ್ ಕೊಡವಿದ. ಏನೂ ಬೀಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೂ ನೋಡಿದ. ಆಮೇಲೆ ಎದ್ದು ನಿಂತ. "ಮೂವತ್ತೊಂದು ಒಂದ್ಕಡೆ, ಒಂದು ಒಂದ್ಕಡೆ. ಹೊಂದಿದ್ದು ಸೊನ್ನೆ. ನಿನ್ನ ಕಾನೂನಿನ ಪ್ರಕಾರ ನಿನ್ನನ್ನ ನೀನೇ ಮನೆಗೆ ಕಳಿಸ್ಬೇಕು, ಫ್ರೀಡ್ಕಾ."

"ನಾನು ಮನೇಲೇ ಇದೀನಲ್ಲೋ."

"ಹಾಗಾದ್ರೆ ಇವನ್ನ ಕಳಿಸು."

ಮೆಂಡೆಲ್ ತಮಾಷೆಗೆಂದೇ ಅಂದದ್ದು. ಫ್ರೀಡಾ ಮಾತ್ರ ನಗಲಿಲ್ಲ. ಅವಳ ಮುಖ ಸುಣ್ಣ ಬಳಿದಂತಾಗಿತ್ತು.

"ಔಷಧಿ ಅಂಗಡಿಯವರ ಹುಡುಗಿ ಅಳ್ತಾ ಹೋದಾಗ ನಾನು ವಾಪಸ್ ಕರೀಲಿಲ್ಲ," ಎಂದಳು. "ಈಗ ನನಗೆ ಅಂತ ಬೇರೆ ಕಾನೂನು ಮಾಡ್ಕೊಳ್ಳೋಕೆ ನನ್ನಿಂದಾಗಲ್ಲ. ಆರ್ವಿಲ್, ನಾವು... ಡಿಸೆಂಬರಿಗೆ ಹಾಕೋಣ."

ಚಪ್ಪರದ ಬಟ್ಟೆ ಬಂದಾಗಿತ್ತು, ನಾನು ಹನ್ನೆರಡು ದೊಡ್ಡ ಜಡೆರೊಟ್ಟಿಗಳಿಗೆ ಹಿಟ್ಟು ಹೇಳಿಯಾಗಿತ್ತು. ಆದರೆ ಫ್ರೀಡಾ ಒಮ್ಮೆ ಹೇಳಿದಳೆಂದರೆ ರಬ್ಬಿ ಬಂದರೂ ಅಲುಗಿಸಲಾರರು.

ಆರ್ವಿಲ್ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಅವಳ ಹಾಳೆಗಳನ್ನು ಈಸಿಕೊಂಡು, ಕೆಟ್ಟ ಪಿಯಾನೊ ಮುಂದೆ ಕೂತವನ ಹಾಗೆ ತಲೆ ವಾಲಿಸಿ ಓದತೊಡಗಿದ.

"ನಾಲ್ಕನೇದು, 'ನಿನ್ನ ಮೌನಕ್ಕೂ ಕಿವಿಗೊಡುತ್ತೇನೆ.' ಇದು ದಂತವೈದ್ಯರ ಮನೇದಲ್ವಾ?"

"ಏನು?"

"ಅವರ ಪಿಯಾನೊ ಮೇಲೇ ಇದೆಯಲ್ಲ. ಹತ್ತನೇದು ಹೈಸ್ಕೂಲ್ ಮೇಷ್ಟ್ರದ್ದು. ಹನ್ನೆರಡು, ಆ ಅವಳಿ ಅಕ್ಕತಂಗೀರು ಒಂದೇ ದಿನ ಮದುವೆಯಾದ್ರಲ್ಲ, ಅವರಿಬ್ರ ಮನೇಲೂ ಇದೇ. 'ಕನಸಿಗೆ ರೆಕ್ಕೆ', ಅಯ್ಯೋ, ಇದು ವೆಕ್ಸ್ಲರ್ ಅವರದ್ದು."

"ವೆಕ್ಸ್ಲರ್ ಅವರದ್ದು ತುಂಬಾ ಚೆನ್ನಾಗಿ ಬಂದಿತ್ತು," ಎಂದಳು ಫ್ರೀಡಾ, ಸ್ವಲ್ಪ ಜೋರಾಗಿಯೇ.

"ಬಂದಿತ್ತು. ಅವರು ಬೇರೆಯಾಗಿ ಎರಡು ವರ್ಷ ಆಯ್ತು. ಪಿಯಾನೊ ಆಯಮ್ಮ ಇಟ್ಕೊಂಡ್ರು, ನಿನ್ನ ಕಾಗದ ಗ್ಯಾರೇಜಲ್ಲಿದೆ."

ಮೆಂಡೆಲ್ ಹಾಳೆ ಕಿತ್ತುಕೊಂಡು ತಾನೂ ನೋಡಿದ. "ಇಪ್ಪತ್ಮೂರನೇದು ನನ್ನ ಮದುವೇದು ಕಣೇ! ನಾನು ಬರ್ದಿದ್ದು!"

ಅದನ್ನೂ ಅವನು ಎಲ್ಲಿಂದಲೋ ಎತ್ತಿದ್ದನೆಂದು ಅವನ ಹೆಂಡತಿ ನಮಗೆಲ್ಲ ಹೇಳಿದ್ದಾಳೆ. ಇರಲಿ.

ಇಷ್ಟು ವರ್ಷ ಬೇರೆಯವರ ಮಾತು ಬರೆದೂ ಬರೆದೂ, ತನ್ನ ಸರದಿ ಬಂದಾಗ ಫ್ರೀಡಾಳ ಕೈ ತಾನಾಗಿಯೇ ಊರಿನ ಗೋಡೆಗಳನ್ನೆಲ್ಲ ನಕಲು ಮಾಡಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಊರಿನ ಅಷ್ಟೂ ಗೋಡೆ ಓದಿದ್ದವನು ಈ ಪಿಯಾನೊದವನೊಬ್ಬನೇ.

"ಹಾಗಾದ್ರೆ ಎಲ್ರಿಗೂ ಐದೈದು ಹೊಂದ್ತಿದ್ದಿದ್ದು..." ಎಂದಳು ಅವಳು ಮೆಲ್ಲಗೆ.

"ಮದುವೆಗೆ ಮುಂಚೆ ಎಲ್ರೂ ಸ್ನೇಹಿತರ ಮನೇಲಿ ನೋಡ್ಕೊಂಡು ಬಂದಿರ್ತಾರೆ," ಎಂದ ಆರ್ವಿಲ್, ತಪ್ಪು ತನ್ನದೇ ಎಂಬಂತೆ. "ಅದ್ರಲ್ಲೇನು ಬಿಡು, ಅಕ್ಷರ ಚೆಂದ ಇದೆ."

ನಾನು ಕೆಳಗಿನಿಂದ ತಂದಿದ್ದ ಬನ್ನಿನ ತಟ್ಟೆಯ ಕಡೆ ನೋಡಿದೆ. ಫ್ರೀಡಾ ಕೈಗೆ ಸಿಕ್ಕ ಮಸಿಬಾಟಲಿ ಎಸೆಯುತ್ತಾಳೆಂದೇ ನನ್ನ ಲೆಕ್ಕ. ಅವಳು ಎದ್ದಳು, ಅಡುಗೆಮನೆಗೆ ಹೋದಳು, ಬಾಗಿಲು ಹಾಕಿಕೊಂಡಳು. ಒಳಗಿಂದ ಪಾತ್ರೆ ದಬದಬ ಎಂದಿತು. ಕಾಲು ಗಂಟೆಯ ಮೇಲೆ ಕೈ ಒರೆಸುವ ಕಾಗದದ ಚೂರೊಂದನ್ನು ತಂದು ಮೆಂಡೆಲನ ಮುಂದೆ ಕುಕ್ಕಿದಳು.

'ನನ್ನ ತಪ್ಪು ತೋರಿಸಿದರೆ ನನಗೆ ಕೋಪ ಬರುತ್ತದೆ. ಬಂದರೂ ಊಟಕ್ಕೆ ಕರೆಯುತ್ತೇನೆ.'

ಮೆಂಡೆಲ್ ಮತ್ತೆ ಎದ್ದು ನಿಂತ. ಇಷ್ಟು ವರ್ಷದಲ್ಲಿ ಅವನು ಎದ್ದು ನಿಂತದ್ದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ನಮ್ಮ ಅಜ್ಜನ ಕೆತುಬಾ ನನ್ನ ಹತ್ರ ಇದೆ," ಎಂದ. "ಅದ್ರಲ್ಲಿ ರೆಕ್ಕೆನೂ ಇಲ್ಲ, ಕನಸೂ ಇಲ್ಲ. ಅನ್ನ ಹಾಕ್ತೀನಿ, ಬಟ್ಟೆ ಕೊಡ್ತೀನಿ, ಮುರಿದುಬಿದ್ರೆ ಇಂತಿಂಥದ್ದು ಮಾಡ್ತೀನಿ, ಅಷ್ಟೇ. ನಮ್ಮೋರು ಹಿಂದಿಂದಲೂ ಕೆಡೋದನ್ನ ಮೊದ್ಲೇ ಬರೆದಿಟ್ಕೊಂಡೇ ಮದುವೆಯಾಗಿದ್ದು. ಇವನು ತಪ್ಪುತ್ತೆ ಅಂತಾನೆ, ಸರಿಮಾಡ್ತೀನಿ ಅಂತಾನೆ. ನೀನು ಕೋಪ ಬರುತ್ತೆ ಅಂತೀಯ, ಊಟ ಹಾಕ್ತೀನಿ ಅಂತೀಯ. ಹೊಂದಿತು. ಒಂದು!"

"ಒಂದೇ ಅಲ್ವಾ?" ಎಂದಳು ಫ್ರೀಡಾ.

"ಒಂದಾದ್ರೂ ನಿಮ್ಮಿಬ್ರದ್ದೇ. ಆ ಐದು ಯಾರದ್ದೋ."

ಫ್ರೀಡಾ ಆರ್ವಿಲನ ಮುಖ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ನಗುತ್ತಲೇ, ಆ ಹುಡುಗಿಯನ್ನು ವಾಪಸ್ ಕರೆಯಲು ಔಷಧಿ ಅಂಗಡಿಗೆ ಫೋನು ಮಾಡಿದಳು. ಆ ಹುಡುಗಿ ಆಗಲೇ ಎಲ್ಲಿಂದಲೋ ಅಚ್ಚಾದ ಕೆತುಬಾ ತರಿಸಿಕೊಂಡು ಮದುವೆಯಾಗಿ, ಬಸುರಿಯೂ ಆಗಿದ್ದಳು. "ತುಂಬಾ ಸಂತೋಷ, ಆಂಟಿ, ನೀವೂ ಬೇಗ ಮಾಡ್ಕೊಳ್ಳಿ," ಎಂದಳಂತೆ.

ಮದುವೆ ಜೂನ್ ತಿಂಗಳಲ್ಲೇ ಆಯಿತು. ಆಳೆತ್ತರದ ಕಾಗದ, ಸುತ್ತ ದಾಳಿಂಬೆಯಿಲ್ಲ, ಗೋಡೆಯಿಲ್ಲ, ನಡುವೆ ಎರಡು ಸಾಲು ಹೀಬ್ರೂ, ಎರಡು ಸಾಲು ಇಂಗ್ಲಿಷು, ಉಳಿದದ್ದೆಲ್ಲ ಬಿಳಿ. ಮೆಂಡೆಲ್ ಚಪ್ಪರದಡಿ ನಿಂತು, ಕೆಮ್ಮು ನಿಲ್ಲುವ ಗುಳಿಗೆ ಬಾಯಿಗೆ ಹಾಕಿಕೊಂಡು, ಎದೆ ಉಬ್ಬಿಸಿ ಓದಿದ. ಗುಳಿಗೆ ಕರಗುವ ಮೊದಲೇ ಓದು ಮುಗಿಯಿತು. ಜನ ಇನ್ನೂ ಫೋನು ಜೇಬಿಗೆ ಹಾಕುತ್ತಿದ್ದರು. ಮೆಂಡೆಲನಿಗೆ ಅಷ್ಟಕ್ಕೇ ಜಾಗ ಬಿಡಲು ಮನಸ್ಸು ಬರಲಿಲ್ಲ. ಇನ್ನೊಮ್ಮೆ ಓದಿದ, ನಿಧಾನವಾಗಿ. ಆಮೇಲೆ ಯಾರೂ ಕೇಳದಿದ್ದರೂ ನಮ್ಮ ಅಜ್ಜಂದಿರ ಭಾಷೆ ಯಿದ್ದಿಷಿನಲ್ಲಿ ಹೇಳಿದ. ಮತ್ತೆ ಇಂಗ್ಲಿಷಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಆರ್ವಿಲನ ಮೂವರು ಅಕ್ಕಂದಿರಿಗೆ ಅದು ಬಾಯಿಪಾಠವಾಗಿತ್ತು. ಚರ್ಚಿನಲ್ಲಿ ಹಾಡಿ ಅಭ್ಯಾಸವಾದವರು, ಒಟ್ಟಿಗೆ ದನಿ ಎತ್ತಿದರು. ಹಿಂದಿನ ಸಾಲಿನವರೂ ಸೇರಿಕೊಂಡರು. "ಬಂದರೂ ಊಟಕ್ಕೆ ಕರೆಯುತ್ತೇನೆ" ಎನ್ನುವಲ್ಲಿಗೆ ಇಡೀ ಸಭೆ ಒಂದೇ ಗಂಟಲಾಗಿತ್ತು, ರಬ್ಬಿಯೂ ಸೇರಿ. ಮೆಂಡೆಲ್ ಐದನೆಯ ಸಲಕ್ಕೆ ಉಸಿರೆಳೆದುಕೊಂಡ.

"ಸಾಕು ಮುಚ್ಚೋ, ನಾನು ಮದುವೆಯಾಗ್ಬೇಕು," ಎಂದು ಫ್ರೀಡಾ ಅವನ ಕೈಯಿಂದ ಕಾಗದ ಕಿತ್ತುಕೊಂಡಳು.