ನಮ್ಮ ಓಣಿ ಕೊರಿಯಾ ಆದದ್ದು

ಬೈಲಹೊಂಗಲದ ನಮ್ಮ ಓಣಿಗೆ ಕೊರಿಯಾ ಅಂತ ಹೆಸರು ಬಿದ್ದದ್ದು ಚೇಷ್ಟೆಗೆ. ಐವತ್ತರ ದಶಕ ಆಗಷ್ಟೇ ಸುರುವಾಗಿತ್ತು; ಪೇಪರಿನ ತುಂಬ ಆ ದೂರದ ದೇಶದ ಯುದ್ಧ. ನಮ್ಮ ಬಾವಿಯ ಮುಂದೆ ಹೆಂಗಸರು ಪಾಳಿಗಾಗಿ ಜಗಳಾಡಿದರೆ ಸಾಕು, ಚಹಾದಂಗಡಿಯವರು “ಕೊರಿಯಾ ಸುರು ಆತು ನೋಡ್ರಿ” ಎಂದು ನಗುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಸಂಪಗಾಂವದಿಂದ ಲಗ್ನವಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ.

ನನ್ನ ಅತ್ತೆ ಮಾತ್ರ ಖುಷಿಪಟ್ಟಳು. “ನಗಲಿ ಬಿಡ. ಈ ಹೆಸರಿನ್ಯಾಗ ನಮ್ಮ ಜಾತಿ ಇಲ್ಲಲ್ಲ? ನಮಗ ಇದ ಇರಲಿ,” ಅಂದಳು. ಅಲ್ಲಿಯತನಕ ಊರವರು ಓಣಿಯನ್ನು ನಮ್ಮ ಜಾತಿ ಹಿಡಿದೇ ಕರೆಯುತ್ತಿದ್ದರು. ಟಪಾಲಿನವನು ಓಣಿಯ ತುದಿಯಲ್ಲೇ ನಿಂತು ಆ ಹೆಸರು ಕೂಗಿ, “ಯಾರಲೇ, ಬರ್ರಿಲೇ” ಎಂದು ಕಾರ್ಡನ್ನು ಕಲ್ಲಿನ ಮೇಲೆ ಒಗೆದು ಹೋಗುತ್ತಿದ್ದ.

ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದ. ನಾಲ್ಕನೆಯ ಇಯತ್ತೆ ಕಲಿತ ನಾನೇ ಅವನಿಗೆ ಬರೆದೆ: ಇನ್ನು ವಿಳಾಸದಲ್ಲಿ ಕೊರಿಯಾ ಓಣಿ ಎಂದೇ ಹಾಕಬೇಕು. ಅದಾದ ಮೇಲೆ ಅಲ್ಲಿಂದ ಬಂದವರೊಬ್ಬರು ಅವನಿಗೆ ಜ್ವರ ಅಂದರು. ತಿಂಗಳಾದರೂ ಪತ್ರವಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಟಪಾಲಿನವನು ಬಂದ. ಕೈಯಲ್ಲಿ ಒಂದೇ ಕಾರ್ಡು. ಕೂಗಿದ್ದು ಮಾತ್ರ ಹಳೆಯ ಹೆಸರು. ನಾನು ತಟ್ಟನೆ ಎದ್ದೆ. ಅತ್ತೆ ಸೆರಗು ಜಗ್ಗಿ ಕೂರಿಸಿದಳು. ನನ್ನ ಗಂಡ ಅವಳಿಗೆ ಒಬ್ಬನೇ ಮಗ. ಯಾವ ಬಾಗಿಲಿನಿಂದಲೂ ಯಾರೂ ಓಗೊಡಲಿಲ್ಲ, ಬೆಳಿಗ್ಗೆ ಬಾವಿಯ ಹತ್ತಿರ ನನ್ನ ಕೂಡ ಕಿತ್ತಾಡಿದವಳು ಸಹ.

“ವಾಪಸ್ ಕಳಸ್ತೇನಿ ನೋಡ್ರಿಲೇ!” ಎಂದು ಅವನು ಗದರಿಸಿದ. ಆದರೂ ನಾನು ಏಳಲಿಲ್ಲ.

“ಕಾರ್ಡಿನ ಮ್ಯಾಲೆ ಏನ್ ಬರದೈತಿ, ಅದನ್ನ ಓದ್ರಿ,” ಅಂದಳು ಅತ್ತೆ, ಕುಳಿತಲ್ಲಿಂದಲೇ.

ಅವನು ಕಾರ್ಡು ಹೊರಳಿಸಿ ನೋಡಿದ. “ಕೊರಿಯಾ... ಓಣಿ.” ಈ ಹೆಸರಿಗೆ ‘ಲೇ’ ಹಚ್ಚಿ ಅವನ ನಾಲಿಗೆಗೆ ರೂಢಿಯಿರಲಿಲ್ಲ. “ಕೊರಿಯಾದವರು ಯಾರ್ರಿ?”

“ನಾವರೀ!” ಎಂದಿತು ಇಡೀ ಓಣಿ.

ಓಡಿಹೋಗಿ ಕೈ ಒಡ್ಡಿದೆ. ಅವನು ಕಾರ್ಡನ್ನು ಕೈಗೇ ಕೊಟ್ಟ! ಆ ದಿನದ ಹಿಗ್ಗನ್ನು ನಾನು ಮತ್ತೆ ಕಂಡಿಲ್ಲ. ಗಂಡನ ಜ್ವರ ಬಿಟ್ಟಿತ್ತು, ಕೆಲಸಕ್ಕೂ ಹೋಗುತ್ತಿದ್ದ. ಎರಡು ಸಲ ಓದಿ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡಳು.

“ಸುದ್ದಿ ತಿಳೀತವಾ. ಈಗ ಹೊರಗ ನಿಂತು ಆ ಓಣಿ ಹೆಸರು ಓದು. ಜೋರಾಗಿ ಓದು.”