ಹಿಂದಕ್ಕೆ ಹೋಗುತ್ತಿದ್ದ ನಟ್ಟುಗಳು

ಮೂರು ವರ್ಷದ ಹಿಂದೆ, ನನ್ನ ಮಗಳು ಗೌರಿಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ನಡೆದದ್ದು ಇದು. ನಾವು ಯಾದಗಿರಿ ಕಡೆಯವರು. ನಾನು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ದಿನವಿಡೀ ನಟ್ಟು ಬಿಗಿಯುವ ಕೆಲಸ. ಆಸ್ಪತ್ರೆ ಹತ್ತಿರವೆಂದು ಶಿವಾಜಿನಗರದಲ್ಲಿ ಒಂದು ಕೋಣೆ ಹಿಡಿದಿದ್ದೆವು.

ಗೌರಿಯ ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗಿತ್ತು, ಗಿಡ್ಡವೂ ಆಗಿತ್ತು. ಡಾಕ್ಟರು ಮೂಳೆ ಕತ್ತರಿಸಿ, ಕಾಲಿನ ಸುತ್ತ ಸ್ಟೀಲಿನ ಬಳೆಗಳ ಚೌಕಟ್ಟು ಕೂಡಿಸಿದರು. ಅದರಲ್ಲಿ ಕೈಬೆರಳಿಗೇ ತಿರುಗುವ ನಾಲ್ಕು ನಟ್ಟುಗಳು. ಅವನ್ನು ದಿನಕ್ಕೆ ನಾಲ್ಕು ಸಲ ಬಿಚ್ಚುವ ದಿಕ್ಕಿಗೆ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಆಗ ಮೂಳೆಯ ನಡುವೆ ಸಂದು ಬಿಟ್ಟು ಹೊಸ ಮೂಳೆ ಬೆಳೆಯುತ್ತದೆ. ಸಂದು ಬಿಡದಿದ್ದರೆ ಇದ್ದಲ್ಲೇ ಕೂಡಿಕೊಳ್ಳುತ್ತದೆ, ಮತ್ತೆ ಕತ್ತರಿಸಬೇಕಾಗುತ್ತದೆ ಎಂದಿದ್ದರು.

ತಿರುಗಿಸುವಾಗ ಮಗಳು ದಿಂಬು ಕಚ್ಚಿಕೊಳ್ಳುತ್ತಿದ್ದಳು. ನಾನಾಗಲಿ ಹೆಂಡತಿಯಾಗಲಿ ಒಂದು ಸಲವೂ ತಪ್ಪಿಸಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಸಂದು ಕಾಣಲೇ ಇಲ್ಲ. ಡಾಕ್ಟರು ಇನ್ನೊಂದು ವಾರ ಗಡುವು ಕೊಟ್ಟರು.

ತಿರುಗಿಸಿದ ನಟ್ಟು ಅಲ್ಲೇ ನಿಲ್ಲುತ್ತದೆಯೇ ಎಂದು ತಿಳಿಯಲು, ಕಾರ್ಖಾನೆಯಲ್ಲಿ ಮಾಡುವಂತೆ ನಟ್ಟುಗಳಿಗೆ ಕೆಂಪು ಪೇಂಟಿನ ಚುಕ್ಕೆ ಇಟ್ಟೆ. ಫಸ್ಟ್ ಶಿಫ್ಟ್ ಮುಗಿಸಿ ಬಂದು, ಮೂರೂವರೆಗೆ ತಿರುಗಿಸಿ, ಗೌರಿಯ ಪಕ್ಕ ಮಲಗಿದೆ. ಐದಕ್ಕೆ ಎದ್ದು ನೋಡಿದರೆ ಚುಕ್ಕೆಗಳು ಹಿಂದಕ್ಕೆ ಹೋಗಿದ್ದವು. ಹೆಂಡತಿ ಮಾರತ್ತಹಳ್ಳಿಗೆ ಕೆಲಸಕ್ಕೆ ಹೋಗಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಗೌರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಮರುದಿನವೂ ಹಾಗೇ ಆಯಿತು.

ಕೆಳಗಿನ ಮನೆಯ ಓನರಮ್ಮ ಶಾಹೀನ್ ಆಪಾಗೆ ಹೇಳಿದೆ. ಅವರು ಮೇಲೆ ಬಂದು ಬಾಗಿಲಲ್ಲೇ ನಿಂತರು. "ಭಾಯ್, ಈ ರೂಮಲ್ಲಿ ನೀವಿಬ್ರೇ ಇಲ್ಲ" ಎಂದು ಒಂದು ತಾವೀಜು ಕೊಟ್ಟು ಹೋದರು. ಅದನ್ನು ಮಂಚಕ್ಕೆ ಕಟ್ಟಿದೆ. ಮೂರನೇ ದಿನವೂ ಚುಕ್ಕೆಗಳು ಹಿಂದೆಯೇ.

ಯಾರು ಬರುತ್ತಾರೆ ಹೇಳು ಎಂದು ಗೌರಿಯನ್ನೇ ಕೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿದಳು.

"ಯಾರೂ ಬರಂಗಿಲ್ಲಪ್ಪ. ನೀನೇ ತಿರುವ್ತಿ."

"ನಾ ಮಲಗಿರ್ತೀನಲ್ಲವ್ವ?"

"ಮಲಗಿದಾಗೇ. ಕಣ್ಣು ಮುಚ್ಚಿರ್ತದ, ಕೈ ಬಂದು ಎಲ್ಲಾ ವಾಪಸ್ ಬಿಗಿ ಮಾಡ್ತದ. ಆಗ ನೋವು ಕಮ್ಮಿ ಆಗ್ತದ. ಅದಕ್ಕ ನಾ ಹೇಳಲಿಲ್ಲ."

ಅಂದಿನಿಂದ ನಾನು ಹೊರಗೆ ಮೆಟ್ಟಿಲ ಮೇಲೆ ಮಲಗತೊಡಗಿದೆ. ಗಡುವಿನ ದಿನ ತೆಗೆದ ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ಮತ್ತೆ ಕತ್ತರಿಸುವುದು ತಪ್ಪಿತು. ಈಗ ಅವಳ ಕಾಲು ನೆಟ್ಟಗಿದೆ, ಸೈಕಲ್ ಹೊಡೆಯುತ್ತಾಳೆ.

ಆ ಕೈ ಕಾರ್ಖಾನೆಯ ಅಭ್ಯಾಸದಿಂದ ಬಿಗಿಯುತ್ತಿತ್ತೋ, ಮಗಳ ನೋವು ನೋಡಲಾರದೆ ಬಿಗಿಯುತ್ತಿತ್ತೋ ನನಗೆ ಗೊತ್ತಿಲ್ಲ. ಗೌರಿ ಎರಡನೆಯದನ್ನೇ ನಂಬಿದ್ದಾಳೆ. ನಾನು ಮಾತ್ರ ಅವಳಿರುವ ಕೋಣೆಯಲ್ಲಿ ಕಣ್ಣು ಎಳೆದರೆ ಇಂದಿಗೂ ಎದ್ದು ಹೊರಗೆ ಹೋಗುತ್ತೇನೆ.