ಕಿವಿಗೆ ಹಿಡಿದ ಗಡಿಯಾರ

ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುವವರು. ಕೆಲಸ ಮುಗಿದ ಮೇಲೆ ಎಡ ಮೊಣಕೈಯನ್ನು ಮೇಜಿನ ಅಂಚಿಗೆ ಊರಿ, ಗಡಿಯಾರವನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅರ್ಧ ಗಂಟೆ ಕೇಳುತ್ತಿದ್ದರು. ಹಾಗೆ ಕೇಳದೆ ಒಂದನ್ನೂ ಕೊಟ್ಟವರಲ್ಲ. ಗಿರಾಕಿ ಎದುರಿಗೇ ನಿಂತಿರಲಿ, ನಾನು ಊಟಕ್ಕೆ ಕರೆಯಲಿ, ಕಲ್ಲಿಗೆ ಹೇಳಿದ ಹಾಗೆ. ಮೂವತ್ತು ವರ್ಷ ನಾನು ಸಂಸಾರ ಮಾಡಿದ್ದೇ ಆ ಮುಚ್ಚಿದ ಕಣ್ಣುಗಳ ಜೊತೆ.

ಹೋದ ವರ್ಷ ಅವರ ಎಡಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದವು. ನಾನು ದಿನಾ ಬೆರಳಿಗೆ ಎಣ್ಣೆ ತಿಕ್ಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಒಂದು ಮಧ್ಯಾಹ್ನ ಗಿರಾಕಿಯ ಗಡಿಯಾರ ಕೈಜಾರಿ ನೆಲಕ್ಕೆ ಬಿತ್ತು. ಅಂಗಡಿ ಮುಚ್ಚಿ ಮನೆಗೆ ಬಂದರು.

"ಕೈಯೇ ಹೋದ್ರೆ ನಾನು ಇನ್ಯಾವುದಕ್ಕೆ ಕಣೇ?"

ಬೈಯಲು ಬಾಯಿ ತೆರೆದವಳಿಗೆ ಭಯವಾಯಿತು.

ಸ್ಕ್ಯಾನಿಂಗ್ ಕೋಣೆಯಲ್ಲಿ ಹಗಲಲ್ಲೂ ಮಬ್ಬುಗತ್ತಲೆ. ಡಾಕ್ಟರಮ್ಮ ಮೊಣಕೈಗೆ ತಣ್ಣನೆಯ ಜೆಲ್ಲಿ ಹಚ್ಚಿ, ಸ್ಕ್ಯಾನಿನ ಹಿಡಿಯನ್ನು ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಮೋಡಗಳು ತೇಲಿದವು. ಅವುಗಳ ನಡುವೆ ಜೇನುಗೂಡಿನ ಚೂರಿನಂಥದ್ದೊಂದು ಕಂಡಿತು. ಅದೇ ನರವಂತೆ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ ಮನುಷ್ಯನ ಒಳಗೆ ಹೀಗೊಂದು ಲೋಕವಿದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಮೈಮರೆತು ನೋಡುತ್ತಾ ನಿಂತೆ.

"ಒಂಚೂರು ಊದಿದೆ. ಆದ್ರೆ ನರಾನ ಒತ್ತೋವಂಥದ್ದು ಏನೂ ಕಾಣ್ತಿಲ್ಲ" ಎಂದರು ಡಾಕ್ಟರಮ್ಮ.

ಇವರೋ, ತೋಳನ್ನು ಅಳತೆಕೋಲಿನಂತೆ ನೆಟ್ಟಗೆ ಚಾಚಿ ಮಹಾ ಸಾಧುವಿನ ಹಾಗೆ ಕೂತಿದ್ದರು. ನನಗೆ ರೇಗಿತು.

"ಡಾಕ್ಟ್ರೇ, ಇವರು ಹೀಗೆ ಕೂತಿದ್ದನ್ನ ನಾನು ಮದುವೆಯಾದಾಗಿಂದ ನೋಡಿಲ್ಲ" ಎಂದೆ. ನನ್ನ ಕೈಗಡಿಯಾರ ಬಿಚ್ಚಿ ಅವರ ಕೈಗಿಟ್ಟೆ. "ರೀ, ಅಂಗಡೀಲಿ ಕೂತ್ಕೊಳ್ಳೋ ಹಾಗೆ ಕೂತ್ಕೊಳ್ಳಿ."

ಮೊಣಕೈ ಮಡಿಯಿತು, ಗಡಿಯಾರ ಕಿವಿಗೆ ಹೋಯಿತು, ಕಣ್ಣು ತಾನಾಗಿ ಮುಚ್ಚಿತು. ಪರದೆಯಲ್ಲಿ ಆ ಜೇನುಗೂಡು ನಿಧಾನಕ್ಕೆ ಜಾರಿ, ಮೂಳೆಯ ಉಬ್ಬನ್ನೇರಿ, ಅಲ್ಲೇ ಚಪ್ಪಟೆಯಾಗಿ ನಿಂತಿತು. ಬಲಗೈಯನ್ನೂ ನೋಡಿದರು. ಅಲ್ಲೂ ಅದೇ ಜಾರಾಟ.

"ಕೈ ಮಡಿಸಿದಾಗೆಲ್ಲ ನರ ಮೂಳೆ ಮೇಲೆ ಬರ್ತಿದೆ ಯಜಮಾನ್ರೇ. ಅದರ ಮೇಲೆ ನೀವು ಮೇಜಿಗೆ ಊರ್ತೀರಿ. ರಿಪೇರಿ ಮಾಡಿ, ಬೇಡ ಅನ್ನಲ್ಲ. ಆದ್ರೆ ಯಾವ ಕೈಯಲ್ಲೂ ಹೀಗೆ ಹಿಡಿದು ಕೇಳೋದು ಬಿಡಿ. ಬಿಡದಿದ್ರೆ ಬೆರಳಿನ ಬಲ ವಾಪಸ್ ಬರಲ್ಲ."

ಒಂದು ವಾರ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಕೇಳದೆ ಕೊಡುವುದು ಮೋಸವೆಂದು ಅವರ ಹಟ. ಎಂಟನೇ ದಿನ, "ನೀನೂ ಬಾರೇ" ಎಂದರು.

ಅಂಗಡಿಯಲ್ಲಿ ಗೋಡೆ ತುಂಬ ಗಡಿಯಾರಗಳ ಟಿಕ್‌ಟಿಕ್. ರಿಪೇರಿ ಮುಗಿಸಿ ಒಂದನ್ನು ನನ್ನ ಕೈಗಿತ್ತರು. ನಾನು ಕಿವಿಗಿಟ್ಟು ಕಣ್ಣು ಮುಚ್ಚಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

"ನಡುನಡುವೆ ಎಡವುತ್ತೆ ಕಣ್ರೀ" ಎಂದೆ, ಅಳುಕುತ್ತಲೇ.

ನಾನು ಉಪ್ಪು ಕಮ್ಮಿಯೆಂದರೂ ತಾವೇ ಒಮ್ಮೆ ರುಚಿ ನೋಡದೆ ನಂಬದ ಮನುಷ್ಯ. ಈ ಸಲ ಗಡಿಯಾರವನ್ನು ತೆಗೆದುಕೊಂಡರು, ಕಿವಿಯ ಕಡೆ ಒಯ್ಯಲಿಲ್ಲ. ಮೇಜಿನ ಮೇಲಿಟ್ಟು ಅದರ ಮುಚ್ಚಳವನ್ನು ಮತ್ತೆ ಬಿಚ್ಚಿದರು.